ಐದು ರಾಂಡಿಗೆ ಒಂದು ದಿನ

ಬುಲೆಲ್ವಾಗೆ ಪ್ಯಾಂಟು ಇರಲಿಲ್ಲ.

ಶಾಲೆಗೆ ಹಾಕಿಕೊಂಡು ಹೋಗುವಂಥದ್ದು, ಬೂದು ಬಣ್ಣದ್ದು, ಗಂಡು ಹುಡುಗರು ಹಾಕುವಂಥದ್ದು. ಲಂಗಗಳು ಎರಡಿದ್ದವು. ಒಂದು ಅಜ್ಜಿ ಕೊಂಡುಕೊಟ್ಟದ್ದು, ಇನ್ನೊಂದು ಪಾಸಾಗಿ ಹೋದ ಯಾರೋ ಹುಡುಗಿ ಬಿಟ್ಟು ಹೋದದ್ದು. ದಕ್ಷಿಣ ಆಫ್ರಿಕಾದ ಈ ಕೊಮಾನಿ ಊರಿನಲ್ಲಿ ಜೂನ್ ಎಂದರೆ ನಡು ಚಳಿಗಾಲ, ಬೆಳಿಗ್ಗೆ ನಲ್ಲಿಯ ನೀರು ಹೆಪ್ಪುಗಟ್ಟಿರುತ್ತದೆ. ಆ ಚಳಿಯಲ್ಲಿ ಹುಡುಗರು ಪ್ಯಾಂಟಿನಲ್ಲೂ ಹುಡುಗಿಯರು ಲಂಗದಲ್ಲೂ ಪ್ರಾರ್ಥನೆಗೆ ನಿಲ್ಲಬೇಕು. ಈ ನಿಯಮ ಯಾರು ಮಾಡಿದರೆಂದು ಯಾರಿಗೂ ನೆನಪಿಲ್ಲ. ಹುಡುಗಿಯರ ಮೊಣಕಾಲಿಗೆ ಮಾತ್ರ ಅದು ಪ್ರತಿ ವರ್ಷ ನೆನಪಾಗುತ್ತದೆ.

ಬುಲೆಲ್ವಾಳ ತಕರಾರು ಚಳಿಯದ್ದಲ್ಲ.

"ಲಂಗ ಹಾಕ್ಕೊಂಡ್ರೆ ಬೇರೆ ಯಾರದೋ ಮೈಯೊಳಗೆ ಕೂತ ಹಾಗಾಗುತ್ತೆ ಅಜ್ಜಿ," ಎಂದು ಒಮ್ಮೆ ಹೇಳಿದ್ದಳು.

"ಯಾರ ಮೈ?"

"ಗೊತ್ತಿಲ್ಲ. ನಂದಂತೂ ಅಲ್ಲ."

ಅಜ್ಜಿ, "ಹಂಗಾದ್ರೆ ಓದು ಮುಗಿಯೋವರೆಗೂ ಬಾಡಿಗೆ ಮೈಯಲ್ಲಿರು," ಎಂದಿದ್ದಳು. ಅಜ್ಜಿಗೆ ಮೊಮ್ಮಗಳು ಮೆಟ್ರಿಕ್, ಅಂದರೆ ಹನ್ನೆರಡನೆಯ ತರಗತಿ, ಪಾಸಾಗಬೇಕಿತ್ತು. ಮನೆಯಲ್ಲಿ ಇದುವರೆಗೆ ಯಾರೂ ಪಾಸಾಗಿರಲಿಲ್ಲ.

ಬುಲೆಲ್ವಾ ಕೆಲವೊಮ್ಮೆ ಬಾಡಿಗೆ ಕಟ್ಟುತ್ತಿದ್ದಳು, ಕೆಲವೊಮ್ಮೆ ಇಲ್ಲ. ಸತ್ತ ಸೋದರಮಾವನ ಕಪ್ಪು ಪ್ಯಾಂಟು ಹಾಕಿಕೊಂಡು ಹೋದ ದಿನ ಮುಖ್ಯೋಪಾಧ್ಯಾಯ ಮಬಾಂಡ್ಲಾ ಅವಳನ್ನು ತಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅದರ ಒಂದು ಹಲಗೆ ಸೀಳಿತ್ತು. ಕೂತರೆ ತೊಡೆ ಚಿವುಟುತ್ತಿತ್ತು. ಎರಡು ಗಂಟೆ ಚಿವುಟಿಸಿಕೊಂಡ ಮೇಲೆ, "ಹೋಗಿ ಲಂಗ ಹಾಕ್ಕೊಂಡು ಬಾ," ಎನ್ನುತ್ತಿದ್ದರು. ಅವಳು ಹೋಗುತ್ತಿದ್ದಳು. ಬರುತ್ತಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ಇನ್ನೊಂದು ಆಯಿತು. ಜಿಯಾಂಡಾ ಎಂಬ ಸಹಪಾಠಿಗೆ ಅವಳು ಒಂದು ಕಾಗದ ಬರೆದಳು. ನಾಲ್ಕೇ ಸಾಲು. ನೀನು ನಕ್ಕರೆ ನನಗೆ ಲೆಕ್ಕ ತಪ್ಪುತ್ತದೆ ಎಂಬುದು ಒಂದು ಸಾಲು. ಕಾಗದ ಮಬಾಂಡ್ಲಾ ಕೈಗೆ ಸಿಕ್ಕಿತು. ಅವರು ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಎಂಟು ನೂರು ಮಕ್ಕಳ ಮುಂದೆ ಓದಿದರು. ಚರ್ಚಿನ ನಾಟಕದಲ್ಲಿ ಪಾರ್ಟು ಮಾಡಿದವರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಸಣ್ಣದು ಮಾಡಬೇಕು ಎಂಬುದು ಗೊತ್ತಿತ್ತು. ಒಂದು ವಾರದೊಳಗೆ ಜಿಯಾಂಡಾಳ ತಾಯಿ ಮಗಳನ್ನು ಬೇರೆ ಊರಿನ ಶಾಲೆಗೆ ಸೇರಿಸಿದಳು. ಬುಲೆಲ್ವಾಗೆ ಆ ದಿನದಿಂದ ಹೊಸ ಹೆಸರು: ಸ್ತಬಾನಿ. ಹೆಣ್ಣನ್ನು ಬಯಸುವ ಹೆಣ್ಣಿಗೆ, ಗಂಡನ್ನು ಬಯಸುವ ಗಂಡಿಗೆ ನಮ್ಮ ಕಡೆ ಎಸೆಯುವ ಕಲ್ಲು ಅದು. ಗುರಿ ಇಡಬೇಕಾಗಿಲ್ಲ, ತಾನಾಗಿ ಹೋಗಿ ತಾಗುತ್ತದೆ.

ಶನಿವಾರ, ಭಾನುವಾರ ಅವಳು ಅಜ್ಜಿಯ ಜೊತೆ ಟ್ಯಾಕ್ಸಿ ನಿಲ್ದಾಣದ ಹಿಂದೆ ಕುರಿ ತಲೆ ಸುಡುತ್ತಿದ್ದಳು. ಕಸಾಯಿಖಾನೆಯಿಂದ ತಲೆಗಳು ಉಣ್ಣೆ ಸಮೇತ ಗೋಣಿಚೀಲದಲ್ಲಿ ಬರುತ್ತವೆ. ಬೆಂಕಿಯಲ್ಲಿ ಕಬ್ಬಿಣದ ಸರಳು ಕೆಂಪಗೆ ಕಾಯಿಸಬೇಕು. ಅದನ್ನು ತಲೆಯ ಮೇಲೆ ಒತ್ತಿ ಎಳೆಯಬೇಕು. ಉಣ್ಣೆ ಸೀಯುತ್ತದೆ. ಹೊಗೆ ಕಣ್ಣಿಗೆ, ಮೂಗಿಗೆ, ಬಾಯಿಗೆ. ಆಮೇಲೆ ಬ್ಲೇಡಿನಿಂದ ಕೆರೆಯಬೇಕು. ಕಿವಿಯೊಳಗೆ, ರೆಪ್ಪೆಯ ಸುತ್ತ, ಮೂಗಿನ ಹೊಳ್ಳೆಯಲ್ಲಿ. ತೊಳೆದು ಉಪ್ಪುನೀರಿನ ಡ್ರಮ್ಮಿಗೆ ಹಾಕಬೇಕು. ಬುಲೆಲ್ವಾಳ ಹುಬ್ಬು ಯಾವಾಗಲೂ ಅರ್ಧ ಸುಟ್ಟಿರುತ್ತಿತ್ತು. ಮುಂಗೈಯಲ್ಲಿ ಸರಳಿನ ಬರೆಗಳು. ಬೆಂದ ತಲೆಯ ತುಟಿ ಹಿಂದಕ್ಕೆ ಎಳೆದುಕೊಂಡು ಹಲ್ಲು ಪೂರ್ತಿ ಕಾಣುತ್ತದೆ. ಅದಕ್ಕೇ ಜನ ಅದನ್ನು ಸ್ಮೈಲಿ ಎನ್ನುತ್ತಾರೆ. ಕುರಿ ಯಾವ ಸಂತೋಷಕ್ಕೆ ನಗುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಅಲ್ಲಿ ಅವಳು ಸೋದರಮಾವನ ನೀಲಿ ಓವರಾಲ್ ಹಾಕುತ್ತಿದ್ದಳು. ಅದಕ್ಕೆ ಎರಡು ಕಾಲುಗಳಿದ್ದವು. ಯಾರೂ ಬೆಂಚಿನ ಮೇಲೆ ಕೂರಿಸಲಿಲ್ಲ. ದುಡಿಯುವಾಗ ಹೆಣ್ಣು ಪ್ಯಾಂಟು ಹಾಕಿದರೆ ಸಂಸ್ಕೃತಿ ಗಟ್ಟಿಯಾಗಿಯೇ ಇರುತ್ತದೆ. ಓದುವಾಗ ಹಾಕಿದರೆ ಮಾತ್ರ ಅಲುಗಾಡುತ್ತದೆ.

ಟ್ಯಾಕ್ಸಿ ಡ್ರೈವರುಗಳು ಮಾತ್ರ ಬಿಡುತ್ತಿರಲಿಲ್ಲ. "ಏನಣ್ಣಾ, ತಲೆ ಎಷ್ಟು? ಅಯ್ಯೋ, ತಪ್ಪಾಯ್ತು, ಅಕ್ಕಾ ಅನ್ನಬೇಕಿತ್ತೇನೋ! ಮಖುಲು, ನಿನ್ನ ಮೊಮ್ಮಗ ಹೆಣ್ಣಾ ಗಂಡಾ?"

"ನಿಂಗೆ ತಲೆ ಬೇಕಾ, ನಾಲಿಗೆ ಬೇಕಾ?" ಎನ್ನುತ್ತಿದ್ದಳು ಅಜ್ಜಿ; ಮಖುಲು ಎಂದರೂ ಅಜ್ಜಿ ಎಂದೇ. "ನಾಲಿಗೆ ಆಗಲೇ ಮಾರುದ್ದ ಇದೆ. ಮುಂದಕ್ಕೆ ನಡಿ."

ವಾರಕ್ಕೆ ಎರಡು ತಲೆಯ ಲಾಭವನ್ನು ಅಜ್ಜಿ ಅವಳಿಗೆ ಬಿಟ್ಟಿದ್ದಳು. ಒಂಬತ್ತು ವಾರ ಆಯಿತು. ಹದಿನೆಂಟು ತಲೆ ಸುಟ್ಟ ಮೇಲೆ ಬುಲೆಲ್ವಾ ಪೇಟೆಯ ಅಂಗಡಿಗೆ ಹೋಗಿ ಬೂದು ಪ್ಯಾಂಟು ಕೇಳಿದಳು.

"ಯಾರಿಗೆ?" ಎಂದ ಅಂಗಡಿಯವನು.

"ತಮ್ಮನಿಗೆ."

"ಅಳತೆ?"

"ನನ್ನಷ್ಟೇ."

ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ತಮ್ಮನಿಗೆ ಸೊಂಟ ಜಾಸ್ತಿ ಆಯ್ತು," ಎಂದ. ಆದರೂ ಕೊಟ್ಟ. ವ್ಯಾಪಾರಕ್ಕೆ ನಿಯಮ ಕಡಿಮೆ.

ಆಗಸ್ಟ್ ಕೊನೆಯ ಸೋಮವಾರ ಪ್ರಾರ್ಥನೆಯಲ್ಲಿ ಮಬಾಂಡ್ಲಾ ಒಂದು ಘೋಷಣೆ ಮಾಡಿದರು. ಕಾಗದ ಓದಿದ್ದ ಜಾಗದಲ್ಲೇ ನಿಂತಿದ್ದರು. ಅದೇ ಮೈಕು.

"ದೇವರು ಎಲ್ಲರನ್ನೂ ಪ್ರೀತಿಸ್ತಾನೆ. ಈ ತಿಂಗಳಿಂದ ನಮ್ಮ ಶಾಲೆನೂ ಪ್ರೀತಿಸುತ್ತೆ. ಗಂಡನ್ನ ಪ್ರೀತಿಸೋ ಗಂಡು, ಹೆಣ್ಣನ್ನ ಪ್ರೀತಿಸೋ ಹೆಣ್ಣು, ಇಂಥವರನ್ನ ನಾವು ಸ್ವೀಕರಿಸಬೇಕು. ಅದಕ್ಕೆ ವಿದ್ಯಾರ್ಥಿ ಸಂಘದವರು ನಿಧಿ ಎತ್ತುತ್ತಾರೆ. ನೀವು ಎಷ್ಟು ಎತ್ತುತ್ತೀರೋ ಅಷ್ಟೇ ಹಣವನ್ನ ಕೇಪ್‌ಟೌನಿನ ಒಂದು ಸಂಸ್ಥೆ ಮೇಲೆ ಸೇರಿಸಿ ಕೊಡುತ್ತೆ. ನಮ್ಮ ಜೆರಾಕ್ಸ್ ಮಿಷನ್ ಮಾರ್ಚಿಂದ ಕೆಟ್ಟಿದೆ ಅನ್ನೋದು ನಿಮಗೆ ಗೊತ್ತೇ ಇದೆ."

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಸರ್, ಜೆರಾಕ್ಸ್ ಮಿಷನ್ನೂ ಸ್ತಬಾನಿನಾ?"

ಎಂಟು ನೂರು ಮಕ್ಕಳು ನಕ್ಕರು. ಮಬಾಂಡ್ಲಾ ಕೈ ಎತ್ತಿದರು. "ಹಾಗನ್ನಬಾರದು. ಇನ್ನು ಮೇಲೆ ‘ಅವರು’ ಅನ್ನಿ. ಗೌರವವಾಗಿ. ಅವರ ಬಗ್ಗೆ ಕರಪತ್ರ ತೆಗೀಬೇಕಂದ್ರೆ ಮಿಷನ್ ಬೇಕಲ್ವಾ?"

‘ಅವರು’ ಎಂದಾಗ ಎಂಟು ನೂರು ತಲೆ ಗೌರವವಾಗಿ ಬುಲೆಲ್ವಾಳ ಕಡೆ ತಿರುಗಿದವು.

ನಿಧಿ ಎತ್ತುವ ಬಗೆ ಹಳೆಯದೇ. ನಮ್ಮ ಶಾಲೆಗಳಲ್ಲಿ ಮಳೆಗೆ ಸೂರು ಹಾರಿದರೂ, ಫುಟ್‌ಬಾಲ್ ಕೊಳ್ಳಬೇಕಾದರೂ ಅದೇ: ಐದು ರಾಂಡ್ ಕೊಟ್ಟವರು ಆ ಒಂದು ದಿನ ಯೂನಿಫಾರ್ಮ್ ಬಿಟ್ಟು ಮನಸ್ಸಿಗೆ ಬಂದದ್ದು ತೊಟ್ಟು ಬರಬಹುದು. ಬಣ್ಣದ ಬಟ್ಟೆಯ ದಿನ. ಈ ಸಲ ಅದಕ್ಕೊಂದು ಫಲಕವೂ ಇತ್ತು: ನೀವು ನೀವಾಗಿರಿ. ಸೆಪ್ಟೆಂಬರ್ ಎರಡನೆಯ ಶುಕ್ರವಾರ, ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಎರಡರವರೆಗೆ.

ಅದೇ ಶುಕ್ರವಾರ ಮೆಟ್ರಿಕ್ ಮಕ್ಕಳಿಗೆ ಖೋಸಾ ಭಾಷೆಯ ಮೌಖಿಕ ಪರೀಕ್ಷೆ. ಐದು ನಿಮಿಷ ಮಾತಾಡಬೇಕು, ಐವತ್ತು ಅಂಕ. "ಮೌಖಿಕದ ಅಂಕ ಇಲ್ಲ ಅಂದ್ರೆ ಫಲಿತಾಂಶನೇ ಬರಲ್ಲ, ತಿಳ್ಕೊಳ್ಳಿ," ಎಂದು ಮಿಸ್ ಮಯೆಕಿಸೊ ಒಂದು ತಿಂಗಳಿಂದ ಹೇಳುತ್ತಿದ್ದರು. ಬುಲೆಲ್ವಾ ಕುರಿ ತಲೆ ಸುಡುವ ಬಗೆ ಎಂಬ ವಿಷಯ ತೆಗೆದುಕೊಂಡಿದ್ದಳು. ಬೆಂಕಿಯ ಮುಂದೆ ಅಜ್ಜಿಗೆ ಹೇಳಿ ಹೇಳಿ ರೂಢಿ ಮಾಡಿದ್ದಳು. "ಕಿವಿ ಮರೆತೆ," ಎಂದು ಅಜ್ಜಿ ತಿದ್ದುತ್ತಿದ್ದಳು. "ಕಿವಿ ಕೆರೀದೆ ಬೇಯಿಸಿದ್ರೆ ಯಾವನು ತಿಂತಾನೆ?"

ಹಿಂದಿನ ಶನಿವಾರ ವಿದ್ಯಾರ್ಥಿ ಸಂಘದ ಅಧ್ಯಕ್ಷ ಯಾಂಗಾ ನಿಲ್ದಾಣಕ್ಕೆ ಬಂದ. ಕೆಟ್ಟ ಹುಡುಗನಲ್ಲ. ಯಾರನ್ನೂ ಹೊಡೆದವನಲ್ಲ. ಹೊಡೆಯುವಾಗ ನಿಂತು ನೋಡಿದವನು, ಅಷ್ಟೆ.

"ಬುಲಿ, ಶುಕ್ರವಾರ ಲಾಟರಿ ಇಟ್ಟಿದ್ದೀವಿ ಕಣೆ. ಎರಡು ಇಡೀ ತಲೆ ಬೇಕಿತ್ತು. ಬಹುಮಾನಕ್ಕೆ."

"ತಲೆಗೆ ದುಡ್ಡು?"

"ಅಯ್ಯೋ, ಇದನ್ನೆಲ್ಲ ನಾವು ಯಾರಿಗೋಸ್ಕರ ಮಾಡ್ತಿರೋದು? ನಿನಗೋಸ್ಕರಾನೇ ಅಲ್ವಾ?"

"ನನಗೋಸ್ಕರ ಮಾಡೋದಕ್ಕೆ ನಾನೇ ದುಡೀಬೇಕಾ?"

"ಹಂಗಲ್ಲ, ಸಹಕಾರ ಅಂತ." ಯಾಂಗಾ ಹೊಗೆಗೆ ಮುಖ ತಿರುಗಿಸಿದ. "ನಾನಂತೂ ಅಕ್ಕನ ಲಂಗ ಹಾಕ್ಕೊಂಡು ಬರ್ತೀನಿ. ಹದಿನಾಲ್ಕು ಹುಡುಗರು ಲಂಗಕ್ಕೆ ಹೆಸರು ಕೊಟ್ಟಿದ್ದಾರೆ. ನಿನ್ನ ಬೆಂಬಲಕ್ಕೆ!"

ಅಜ್ಜಿ ಸರಳು ತಿರುವುತ್ತ ಕೇಳಿದಳು: "ಅವಳು ಲಂಗ ಬೇಡ ಅಂತಾಳೆ. ಅವಳ ಬೆಂಬಲಕ್ಕೆ ನೀವು ಲಂಗ ಹಾಕ್ತೀರಾ?"

"ನಿಮಗೆ ಅರ್ಥ ಆಗಲ್ಲ ಮಖುಲು, ಇದು ಹೊಸ ವಿಚಾರ," ಎಂದ ಯಾಂಗಾ.

ಅಜ್ಜಿ ಎರಡು ತಲೆ ಕೊಟ್ಟಳು. ಶಾಲೆಯ ಜೊತೆ ಜಗಳ ಬೇಡವಾಗಿತ್ತು. ಬುಲೆಲ್ವಾ ಅವನ್ನು ಉಳಿದವಕ್ಕಿಂತ ಚೆನ್ನಾಗಿ ಕೆರೆದಳು. ಕಿವಿ ಮರೆಯಲಿಲ್ಲ.

ಅವಳ ಲೆಕ್ಕಾಚಾರ ಸರಳವಾಗಿತ್ತು. ಶುಕ್ರವಾರ ಯಾವ ಬಟ್ಟೆ ತೊಟ್ಟರೂ ಯಾರನ್ನೂ ಹೊರಗೆ ಹಾಕುವಂತಿಲ್ಲ. ಆ ದಿನ ಬೂದು ಪ್ಯಾಂಟು, ಬಿಳಿ ಶರ್ಟು, ಟೈ ಹಾಕಿಕೊಂಡು ಹೋದರೆ, ಅದರಲ್ಲೇ ಮೌಖಿಕ ಮುಗಿಸಿದರೆ, ಎಲ್ಲರ ಕಣ್ಣಿಗೂ ಒಮ್ಮೆ ರೂಢಿಯಾದರೆ, ಸೋಮವಾರ ಅಷ್ಟೇನೂ ಕಷ್ಟವಾಗಲಾರದು. ಅವಳು ಫಲಕವನ್ನು ನಂಬಿದಳು. ತಪ್ಪು ಅವಳದೇ.

ಶುಕ್ರವಾರ ಗೇಟಿನಲ್ಲಿ ಐದು ರಾಂಡ್ ಕೊಟ್ಟಳು. ಒಬ್ಬ ಹುಡುಗಿ ಅವಳ ಎದೆಗೆ ಆರು ಬಣ್ಣದ ರಿಬ್ಬನ್ ಚುಚ್ಚಿದಳು, ‘ಅವರ’ ಬಾವುಟದ ಬಣ್ಣಗಳು. ಒಳಗೆ ಹದಿನಾಲ್ಕು ಹುಡುಗರು ಲಂಗದಲ್ಲಿದ್ದರು. ಎದೆಗೆ ಬಲೂನು, ತುಟಿಗೆ ಕೆಂಪು, ಸೊಂಟ ಬಳುಕಿಸುತ್ತ ಮೈದಾನ ಸುತ್ತುತ್ತಿದ್ದರು. ಟೀಚರುಗಳು ಫೋನಿನಲ್ಲಿ ಹಿಡಿಯುತ್ತಿದ್ದರು. ಯೂನಿಫಾರ್ಮಿನಲ್ಲಿದ್ದವಳು ಇಡೀ ಶಾಲೆಯಲ್ಲಿ ಬುಲೆಲ್ವಾ ಒಬ್ಬಳೇ.

ಮಬಾಂಡ್ಲಾ ಅವಳನ್ನು ಮೆಟ್ಟಿಲ ಹತ್ತಿರ ಹಿಡಿದರು.

"ಇದೇನು?"

"ಪ್ಯಾಂಟು, ಸರ್."

"ಕಣ್ಣಿಗೆ ಕಾಣುತ್ತೆ. ಯಾಕೆ?"

"ಏನು ಬೇಕಾದ್ರೂ ಹಾಕ್ಕೋಬಹುದು ಅಂದಿರಿ ಸರ್. ಐದು ರಾಂಡ್ ಕೊಟ್ಟಿದ್ದೀನಿ." ರಿಬ್ಬನ್ ತೋರಿಸಿದಳು.

"ಏನು ಬೇಕಾದ್ರೂ ಅಂದ್ರೆ ಮನೆ ಬಟ್ಟೆ. ಇದು ಮನೆ ಬಟ್ಟೆನಾ?"

"ಅಲ್ಲ. ಯೂನಿಫಾರ್ಮ್."

"ನೀನೇ ಹೇಳಿದೆ. ಯೂನಿಫಾರ್ಮ್ ಹಾಕ್ಕೊಂಡ ಮೇಲೆ ಯೂನಿಫಾರ್ಮಿನ ನಿಯಮ. ಹುಡುಗೀರಿಗೆ ಲಂಗ."

"ಜೀನ್ಸ್ ಹಾಕ್ಕೊಂಡು ಬಂದಿದ್ರೆ, ಸರ್?"

"ಬಿಡ್ತಿದ್ದೆ."

"ಅದೂ ಪ್ಯಾಂಟೇ ಅಲ್ವಾ?"

"ಅದು ಒಂದು ದಿನದ ಪ್ಯಾಂಟು. ಇದನ್ನ ನೀನು ಸೋಮವಾರಕ್ಕೂ ಅಂತ ತಂದಿದ್ದೀಯ. ನನಗೆ ಗೊತ್ತಾಗಲ್ವಾ?"

ಅದು ನಿಜವಾಗಿತ್ತು. ಮಬಾಂಡ್ಲಾ ದಡ್ಡರಲ್ಲ.

ಅಷ್ಟರಲ್ಲಿ ಯಾಂಗಾ ಲಂಗ ಹಾರಿಸುತ್ತ ಹಾದುಹೋದ. "ಏನಮ್ಮಾ ಯಾಂಗಾ, ತುಟಿಗೆ ಬಣ್ಣ ಜಾಸ್ತಿ ಆಯ್ತಲ್ಲ!" ಎಂದು ಮಬಾಂಡ್ಲಾ ನಕ್ಕರು. ಮತ್ತೆ ಬುಲೆಲ್ವಾಳ ಕಡೆ ತಿರುಗುವಾಗ ನಗು ಮುಗಿದಿತ್ತು. "ಬೆಂಚು," ಎಂದರು.

ಬೆಂಚಿಗೆ ಆರು ಬಣ್ಣ ಹೊಡೆದಿದ್ದರು. ಕೇಪ್‌ಟೌನಿನ ಸಂಸ್ಥೆಯಿಂದ ಬರುವ ಅತಿಥಿ ಅದನ್ನು ಉದ್ಘಾಟಿಸಬೇಕಿತ್ತು. ಬೆನ್ನಿಗೆ ಬರೆದಿತ್ತು: ಇಲ್ಲಿ ಎಲ್ಲರಿಗೂ ಜಾಗವಿದೆ. ಸೀಳಿದ ಹಲಗೆಯನ್ನು ಯಾರೂ ರಿಪೇರಿ ಮಾಡಿರಲಿಲ್ಲ. ಹಳದಿ ಬಣ್ಣದ ಕೆಳಗಿನಿಂದ ಅದು ಅವಳ ತೊಡೆಯನ್ನು ಮೊದಲಿನಂತೆಯೇ ಚಿವುಟಿತು.

ಇಪ್ಪತ್ತು ಹೆಜ್ಜೆ ದೂರದಲ್ಲಿ ಮೌಖಿಕ ನಡೆಯುತ್ತಿತ್ತು. ಕಿಟಕಿ ತೆರೆದಿತ್ತು. ಬಲೂನು ಕಟ್ಟಿಕೊಂಡ ಒಬ್ಬ ಹುಡುಗ ಮಾತಾಡಿದ, ಮಿಸ್ ಮಯೆಕಿಸೊ ನಗುತ್ತ ಅಂಕ ಹಾಕಿದರು. ಆಮೇಲೆ ಕರೆದರು: "ಬುಲೆಲ್ವಾ ಮಗ್ವಾಲಾ."

"ಇಲ್ಲಿದ್ದೀನಿ ಮಿಸ್!"

ಮಿಸ್ ಕಿಟಕಿಯಿಂದ ನೋಡಿದರು. ಮಬಾಂಡ್ಲಾ ತಮ್ಮ ಬಾಗಿಲಲ್ಲಿ ನಿಂತು ಬೇಡವೆಂದು ತಲೆ ಅಲ್ಲಾಡಿಸಿದರು.

"ಬುಲೆಲ್ವಾ ಮಗ್ವಾಲಾ," ಎಂದು ಮಿಸ್ ಎರಡನೆಯ ಸಲ ಕರೆದರು. ದನಿ ಸಣ್ಣದಾಗಿತ್ತು.

"ಇಲ್ಲೇ ಇದ್ದೀನಿ ಮಿಸ್, ಕಾಣಿಸ್ತಿದ್ದೀನಲ್ಲ!"

ಮೂರನೆಯ ಸಲ ಕರೆದು ಮಿಸ್ ಪಟ್ಟಿಯಲ್ಲಿ ಏನೋ ಬರೆದರು. ಗೈರುಹಾಜರಿ.

ಮಬಾಂಡ್ಲಾ ಒಳಗೆ ಹೋಗಿ, ಕಳೆದುಹೋದ ಬಟ್ಟೆಗಳ ಪೆಟ್ಟಿಗೆಯಿಂದ ಒಂದು ಲಂಗ ತಂದು ಅವಳ ಮಡಿಲಿಗೆ ಎಸೆದರು. ಮುಗ್ಗಲು ವಾಸನೆ ಹೊಡೆಯುತ್ತಿತ್ತು. "ಹಾಕ್ಕೋ. ಐದು ನಿಮಿಷದ ಕೆಲಸ. ಹೆಸರು ತಿದ್ದಿಸ್ತೀನಿ. ನಿನ್ನ ಅಜ್ಜಿ ಹೊಗೆ ಕುಡಿದು ನಿನ್ನ ಓದಿಸ್ತಿದ್ದಾಳೆ, ಅದನ್ನಾದ್ರೂ ಯೋಚನೆ ಮಾಡು."

ಅವಳು ಯೋಚನೆ ಮಾಡಿದಳು. ಅಜ್ಜಿಯ ಕೆಮ್ಮಿನ ಬಗ್ಗೆ ಯೋಚಿಸಿದಳು. ಲಂಗ ಕೈಯಲ್ಲಿ ಹಿಡಿದು ಕೂತಿದ್ದಾಗಲೇ ಅತಿಥಿ ಬಂದರು.

ಮಿಸೆಸ್ ಹಾರ್ಟ್‌ವಿಗ್. ದೊಡ್ಡ ಮಣಿಸರ, ಒಳ್ಳೆಯ ಮುಖ. ಹಿಂದೆ ಕ್ಯಾಮೆರಾದವನು, ಯಾಂಗಾ, ಸಂಘದವರು. ಲಂಗ ತೊಟ್ಟ ಹುಡುಗರನ್ನು ನೋಡಿ ಅವರ ಕಣ್ಣು ತುಂಬಿ ಬಂದಿತ್ತು. ಬೆಂಚಿನ ಮೇಲೆ ಬೂದು ಪ್ಯಾಂಟಿನ, ಟೈ ಕಟ್ಟಿದ, ಲಂಗವನ್ನು ಮಡಿಲಲ್ಲಿಟ್ಟುಕೊಂಡು ಮುಖ ಊದಿಸಿದ ವಿದ್ಯಾರ್ಥಿ ಕಂಡಾಗ ನಿಂತರು.

"ಈ ಹುಡುಗ ಯಾಕೆ ಸೇರಿಕೊಂಡಿಲ್ಲ?"

ಮಬಾಂಡ್ಲಾ ಒಂದು ಕ್ಷಣ ತಡವರಿಸಿದರು. ಒಂದೇ ಕ್ಷಣ. "ಏನು ಮಾಡೋದು ಮೇಡಂ, ಕೆಲವು ಹುಡುಗರು ಇನ್ನೂ ಹಿಂದುಳಿದಿದ್ದಾರೆ. ಅದಕ್ಕೇ ನಿಮ್ಮಂಥವರ ಸಹಾಯ ಬೇಕು."

ಯಾಂಗಾ ನೆಲ ನೋಡಿದ.

ಮಿಸೆಸ್ ಹಾರ್ಟ್‌ವಿಗ್ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ನಾಚಿಕೆನಾ ಮಗು? ಎಲ್ಲರ ಹಾಗಿಲ್ಲದೆ ಇರೋದು ತಪ್ಪಲ್ಲ ಅಂತ ಯಾರೂ ಹೇಳಿಕೊಟ್ಟಿಲ್ವಾ? ನಿನ್ನ ಸ್ನೇಹಿತರನ್ನ ನೋಡು, ಎಷ್ಟು ಧೈರ್ಯ! ಆ ಲಂಗ ಹಾಕ್ಕೋ. ಒಂದು ಫೋಟೋಗೆ. ಲಂಗ ಹಾಕಿದ್ರೆ ಯಾರೂ ಸಾಯಲ್ಲ."

ಬುಲೆಲ್ವಾ ಮಬಾಂಡ್ಲಾರನ್ನು ನೋಡಿದಳು. ಮಬಾಂಡ್ಲಾ ಉತ್ಸಾಹದಿಂದ ತಲೆಯಾಡಿಸಿದರು. ಶಿಸ್ತಿಗೂ ಅದೇ ಲಂಗ ಬೇಕಿತ್ತು, ಸ್ವೀಕಾರಕ್ಕೂ ಅದೇ ಲಂಗ ಬೇಕಿತ್ತು. ಇಬ್ಬರಿಗೂ ಒಂದೇ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು.

"ಹಾಕಲ್ಲ," ಎಂದಳು.

"ಯಾಕೆ? ಹೆಣ್ಣಿನ ಹಾಗೆ ಕಾಣೋದು ಅಂದ್ರೆ ಅಷ್ಟು ಅವಮಾನಾನಾ?"

"ನಾನು ಹೆಣ್ಣೇ ಮೇಡಂ. ಬುಲೆಲ್ವಾ. ಇವರು ಯಾರ ಹೆಸರಲ್ಲಿ ದುಡ್ಡು ಎತ್ತುತ್ತಿದ್ದಾರೋ, ಅವಳು. ಪ್ಯಾಂಟು ಹಾಕಿದ್ದಕ್ಕೆ ಇಲ್ಲಿ ಕೂರಿಸಿದ್ದಾರೆ. ನನ್ನ ಪರೀಕ್ಷೆ ಅಲ್ಲಿ ನಡೀತಿದೆ."

ಮಿಸೆಸ್ ಹಾರ್ಟ್‌ವಿಗ್ ಎದ್ದು ನಿಂತರು. ಮುಖ ಕೆಂಪಾಯಿತು. ಆಮೇಲೆ ನಿಧಾನವಾಗಿ ಅರಳಿತು. "ಓ! ಹಾಗಾದ್ರೆ ನಮಗೆ ನಿನ್ನ ಫೋಟೋನೇ ಬೇಕು!"

ಮಬಾಂಡ್ಲಾರ ಕೈ ಆಗಲೇ ಬುಲೆಲ್ವಾಳ ಹೆಗಲ ಮೇಲಿತ್ತು. "ನಮ್ಮದೇ ಹುಡುಗಿ ಮೇಡಂ. ಬಹಳ ಧೈರ್ಯಸ್ಥೆ. ಏನೋ ಸಣ್ಣ ಗೊಂದಲ ಆಯ್ತು." ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು: "ಪ್ಯಾಂಟಲ್ಲೇ ನಿಂತ್ಕೋ. ನಗು. ಫೋಟೋ ಆದ ತಕ್ಷಣ ಮೌಖಿಕ. ಮಯೆಕಿಸೊಗೆ ನಾನು ಹೇಳ್ತೀನಿ."

ಕ್ಯಾಮೆರಾದವನು ಎಲ್ಲರನ್ನೂ ಬೆಂಚಿನ ಸುತ್ತ ನಿಲ್ಲಿಸಿದ. ಕಿಟಕಿಯಲ್ಲಿ ಮಿಸ್ ಮಯೆಕಿಸೊ ಪಟ್ಟಿ ಹಿಡಿದು ಕಾಯುತ್ತಿದ್ದರು. ಐದು ನಿಮಿಷದ ಮಾತು ಬುಲೆಲ್ವಾಳ ಬಾಯಲ್ಲಿ ಸಿದ್ಧವಾಗಿತ್ತು. ಮೊದಲು ಬೆಂಕಿ, ಆಮೇಲೆ ಸರಳು.

"ಸರ್, ಸೋಮವಾರ?" ಎಂದಳು. ಎಲ್ಲರಿಗೂ ಕೇಳುವ ಹಾಗೆ.

"ಏನು ಸೋಮವಾರ?"

"ಸೋಮವಾರನೂ ಇದೇ ಹಾಕ್ಕೊಂಡು ಬರಬಹುದಾ?"

"ಅದನ್ನ ಆಡಳಿತ ಮಂಡಳಿ ನೋಡುತ್ತೆ. ಇವತ್ತು ಇವತ್ತಿನದು."

ಅವಳು ಮಿಸೆಸ್ ಹಾರ್ಟ್‌ವಿಗ್ ಕಡೆ ತಿರುಗಿದಳು. "ನೀವು ಹೇಳಿ ಮೇಡಂ. ನಿಮ್ಮ ಮಾತು ಕೇಳ್ತಾರೆ."

ಮಿಸೆಸ್ ಹಾರ್ಟ್‌ವಿಗ್ ಗಡಿಯಾರ ನೋಡಿಕೊಂಡರು. "ಶಾಲೆಯ ನಿಯಮಗಳಲ್ಲಿ ನಾವು ಕೈ ಹಾಕೋ ಹಾಗಿಲ್ಲ ಮಗು. ನಾವು ಮನಸ್ಸುಗಳ ಜೊತೆ ಕೆಲಸ ಮಾಡ್ತೀವಿ."

ಬುಲೆಲ್ವಾ ಹೆಗಲ ಮೇಲಿನ ಕೈಯನ್ನು ಎರಡು ಬೆರಳಿನಿಂದ ಎತ್ತಿ ಕೆಳಗೆ ಬಿಟ್ಟಳು. ರಿಬ್ಬನ್ ಕಿತ್ತಳು. ಲಂಗವನ್ನು ಮಡಿಸಿ ಬೆಂಚಿನ ಮೇಲಿಟ್ಟಳು. ಅಲ್ಲಿ ಎಲ್ಲರಿಗೂ ಜಾಗವಿತ್ತು.

"ನನ್ನ ಐದು ರಾಂಡ್ ವಾಪಸ್ ಕೊಡಿ ಸರ್. ದಿನ ಸಿಗಲಿಲ್ಲ."

"ದಾನ ಕೊಟ್ಟಿದ್ದು ವಾಪಸ್ ಕೊಡಲ್ಲ," ಎಂದರು ಮಬಾಂಡ್ಲಾ ಹಲ್ಲು ಬಿಗಿಹಿಡಿದು. ಕ್ಯಾಮೆರಾ ಇದ್ದುದರಿಂದ ತುಟಿ ನಗುತ್ತಲೇ ಇತ್ತು.

ಅವಳು ನಡೆದಳು. ಕಿಟಕಿಯಿಂದ ಮಿಸ್ ಮಯೆಕಿಸೊ, "ಬುಲೆಲ್ವಾ, ಹುಚ್ಚಾಟ ಮಾಡಬೇಡ ಕಣೆ, ಒಂದು ವರ್ಷ ಹೋಗುತ್ತೆ!" ಎಂದು ಕೂಗಿದರು. ಅವಳು ಕಿಟಕಿಯ ಕೆಳಗೆ ನಿಂತಳು. "ಮೂರು ಸಲ ಕರೆದಿರಿ ಮಿಸ್. ನಾನು ಎರಡು ಸಲ ಓಗೊಟ್ಟೆ," ಎಂದಳು. ಮತ್ತೆ ನಡೆದಳು.

ಗೇಟಿನ ಹತ್ತಿರ ಲಾಟರಿಯ ಮೇಜು. ಒಂದು ತಲೆಯನ್ನು ಯಾರೋ ಟೀಚರು ಗೆದ್ದುಕೊಂಡು ಹೋಗಿದ್ದರು. ಇನ್ನೊಂದು ಸೆಲೋಫೇನ್ ಸುತ್ತಿಕೊಂಡು, ಮೂಗಿನ ಮೇಲೆ ಆರು ಬಣ್ಣದ ರಿಬ್ಬನ್ ಕಟ್ಟಿಸಿಕೊಂಡು, ಹಲ್ಲು ಕಿರಿದು ಕೂತಿತ್ತು. ಬುಲೆಲ್ವಾ ಅದನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡಳು.

ಯಾಂಗಾ ಲಂಗ ಎತ್ತಿ ಹಿಡಿದು ಓಡಿ ಬಂದ. "ಏ ಬುಲಿ! ಅದು ಬಹುಮಾನದ್ದು ಕಣೆ! ನಿಧಿದು!"

"ನಂದು. ನಾನೇ ಸುಟ್ಟಿದ್ದು."

"ಜನಕ್ಕೆ ನಾನೇನು ಹೇಳಲಿ?"

"ಅವರು ಬಂದು ತಗೊಂಡು ಹೋದ್ರು ಅನ್ನು. ಗೌರವವಾಗಿ."

ಯಾಂಗಾ ಅಲ್ಲೇ ನಿಂತ. ಓಡಿದ್ದಕ್ಕೆ ಒಂದು ಬಲೂನು ಕೆಳಗೆ ಜಾರಿತ್ತು. ಅವಳು ಟೈ ಬಿಚ್ಚಲಿಲ್ಲ. ನಿಲ್ದಾಣದವರೆಗೂ ಬೂದು ಪ್ಯಾಂಟಿನಲ್ಲಿ, ಕುರಿ ತಲೆಯೊಂದಿಗೆ, ರಸ್ತೆಯ ಮಧ್ಯದಲ್ಲೇ ನಡೆದಳು. ಡ್ರೈವರುಗಳು ಏನೋ ಅಂದರು. ಅಜ್ಜಿ ಸರಳನ್ನು ಬೆಂಕಿಯಿಂದ ಎತ್ತಿದಳು. ಸುಮ್ಮನಾದರು.

"ಆಯ್ತಾ ಮಾತು?" ಎಂದಳು ಅಜ್ಜಿ.

"ಇಲ್ಲ."

ಅಜ್ಜಿ ಪ್ಯಾಂಟನ್ನು ನೋಡಿದಳು. ತಲೆಯನ್ನು ನೋಡಿದಳು. ಸರಳನ್ನು ಮತ್ತೆ ಬೆಂಕಿಗಿಟ್ಟಳು. "ಕೂತ್ಕೋ," ಎಂದಳು. "ನನಗೆ ಹೇಳು. ಕಿವಿ ಮರೀಬೇಡ."

ಬುಲೆಲ್ವಾ ಐದು ನಿಮಿಷ ಮಾತಾಡಿದಳು.

ಅಕ್ಟೋಬರಿನಲ್ಲಿ ಉಳಿದ ಪರೀಕ್ಷೆಗಳನ್ನು ಅದೇ ಪ್ಯಾಂಟಿನಲ್ಲಿ ಬರೆದಳು. ಹೊರಗಿನಿಂದ ಬಂದ ಮೇಲ್ವಿಚಾರಕರು ಕೈ ನೋಡಿದರು, ಕಾಲು ನೋಡಲಿಲ್ಲ. ಜನವರಿಯಲ್ಲಿ ಫಲಿತಾಂಶ ಬಂದಾಗ ಅವಳ ಹೆಸರಿನ ಮುಂದೆ ಅಪೂರ್ಣ ಎಂದಿತ್ತು. ಶಾಲೆಗೆ ಜೆರಾಕ್ಸ್ ಮಿಷನ್ ಬಂದಿತ್ತು. ಅದರಲ್ಲಿ ಮೊದಲು ತೆಗೆದದ್ದು ಹೊಸ ವರ್ಷದ ಯೂನಿಫಾರ್ಮ್ ನಿಯಮಗಳು, ಎಂಟು ನೂರು ಪ್ರತಿ.

ಹೋದದ್ದು ಇಷ್ಟು: ಎರಡು ವರ್ಷದಲ್ಲಿ ಶಾಲೆಯ ಮೂವತ್ತೊಂದು ದಿನ. ನಾಲ್ಕು ಸಾಲಿನ ಒಂದು ಕಾಗದ. ಜಿಯಾಂಡಾ. ಮೌಖಿಕದ ಐವತ್ತು ಅಂಕ. ಮೆಟ್ರಿಕ್‌ನ ಒಂದು ವರ್ಷ. ಐದು ರಾಂಡ್. ಕುರಿ ತಲೆ ಒಂದು. ಎರಡನೆಯದನ್ನು ಅಜ್ಜಿ, ಮೊಮ್ಮಗಳು ಉಪ್ಪು ಉದುರಿಸಿಕೊಂಡು ತಿಂದರು. ಅದು ಲೆಕ್ಕಕ್ಕಿಲ್ಲ.